ಬಾವುಟ ಬೀಸಿದವರಿಗೆ, ಹಿಂದಿನ ಕೋಣೆಯಿಂದ

ಕ್ರೀಡಾ ಇಲಾಖೆಯ ಮುಖ್ಯಾಧಿಕಾರಿಗಳೇ,

ಒಂದು ಮಾತನ್ನು ಈ ಪತ್ರದಲ್ಲಿ ಬರೆಯದೆ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಅದನ್ನೇ ಮೊದಲು ಹೇಳಿ ಮುಗಿಸುತ್ತೇನೆ: ತಾವು ಹಸಿರು ಬಾವುಟ ಬೀಸಿ ಸಮುದ್ರದ ಕಡೆಗೆ ಬೀಳ್ಕೊಟ್ಟ ಸೈಕಲ್ ಯಾತ್ರಿ ಸಮುದ್ರದ ಹತ್ತಿರ ಎಲ್ಲೂ ಇಲ್ಲ. ಒಂಬತ್ತು ದಿನಗಳಿಂದ ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಪರದೆ ಎಳೆದುಕೊಂಡು ಕೂತಿದ್ದಾಳೆ. ಅದಕ್ಕೆ ಅರ್ಧ ಕಾರಣ ತಾವು. ಇನ್ನರ್ಧ ಯಾರೆಂಬುದು ಕೊನೆಯಲ್ಲಿ ಸಹಿಯಲ್ಲಿದೆ.

ನ್ಯಾಯವಾಗಿ ಹೇಳಬೇಕೆಂದರೆ ತಮ್ಮನ್ನು ಕರೆದವಳೇ ನಾನು. ಆರುನೂರು ಕಿಲೋಮೀಟರ್ ಒಬ್ಬಳೇ ಹೋಗುವವಳಿಗೆ ಇಲಾಖೆಯಿಂದ ಯಾರಾದರೂ ಬಂದು ಶುಭ ಕೋರಿದರೆ ಚೆನ್ನ ಎಂದು ಕೇಳಿಕೊಂಡಿದ್ದೆ. ಇಷ್ಟು ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಮಾಡಿದವಳಿಗೆ ಒಂದು ಫೋಟೋದ ಆಸೆ ಇರಬಾರದೇ? ಆದರೆ ಬೆಳಿಗ್ಗೆ ಆರಕ್ಕೆ ಬರಬೇಕಾದ ತಾವು ಬಿಸಿಲೇರಿದ ಮೇಲೆ ಬಂದಿರಿ. 'ಛಲಗಾತಿ' ಎಂದು ಬರೆದ ಅಗಲವಾದ ಪಟ್ಟಿಯನ್ನು ನನ್ನ ಎದೆಗೆ ಅಡ್ಡಲಾಗಿ ತೊಡಿಸಿದಿರಿ. ಭಾರ ಕಡಿಮೆಯಾಗಲೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿ ನಾನು ಕಟ್ಟಿದ್ದ ಗಂಟಿನ ಮೇಲೆ, ಇಟ್ಟಿಗೆಯಷ್ಟು ತೂಕದ ಸ್ಮರಣಿಕೆ ಕಟ್ಟಿಸಿದಿರಿ. ಕೊನೆಗೆ ಮೈಕು ಹಿಡಿದು, "ಗುರಿ ಮುಟ್ಟೋ ತನಕ ಈ ತಾಯಿ ಮನೆ ಮುಖ ನೋಡೋದಿಲ್ಲ!" ಎಂದು ಘೋಷಿಸಿದಿರಿ. ಮಾನ್ಯರೇ, ಈ ಪ್ರತಿಜ್ಞೆಯನ್ನು ನಾನು ಯಾವಾಗ ಮಾಡಿದ್ದೆ? ಈಗಂತೂ ಮನೆಯ ಮುಖ ಬಿಟ್ಟು ಬೇರೇನನ್ನೂ ನೋಡುತ್ತಿಲ್ಲ.

ಹದಿನಾಲ್ಕನೇ ಕಿಲೋಮೀಟರಿನಲ್ಲಿ ಏರು ಬಂತು. ಏರು ಎಂದರೆ ನಾನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದೇ ಉಸಿರಿಗೆ ಎಳೆಯುವ ಗೆರೆ. ಆ ಗೆರೆಯ ಅರ್ಧದಲ್ಲೇ ನನ್ನ ಉಸಿರು ನಿಂತಿತು. ಇಳಿದು ತಳ್ಳಬಹುದಿತ್ತು. ಅಭ್ಯಾಸ ಮಾಡುವಾಗ ಎಷ್ಟು ಸಲ ತಳ್ಳಿಲ್ಲ! ಆದರೆ ಎದೆಯ ಮೇಲೆ ಛಲ ಬರೆಸಿಕೊಂಡವಳು, ಬಸ್ಸಿನ ಜನರೆಲ್ಲ ಕಿಟಕಿಯಿಂದ ನೋಡುತ್ತಿರುವಾಗ, ಸೈಕಲ್ ತಳ್ಳುವುದು ಹೇಗೆ? ಮರ್ಯಾದೆಗೆ ಹೆದರಿ ತುಳಿದೆ. ಕಣ್ಣು ಕತ್ತಲೆಗಟ್ಟಿತು. ತರಕಾರಿ ಲಾರಿಯವರು ನನ್ನನ್ನೂ ಸೈಕಲ್ಲನ್ನೂ ಕೋಸಿನ ಮೂಟೆಗಳ ನಡುವೆ ಹಾಕಿಕೊಂಡು ಹಿತ್ತಿಲ ಬಾಗಿಲಿಗೆ ತಂದುಬಿಟ್ಟರು. ತಳ್ಳುವ ಹಕ್ಕನ್ನು ನನ್ನಿಂದ ಕಿತ್ತುಕೊಂಡದ್ದು ತಮ್ಮ ಪಟ್ಟಿಯೋ, ಅದನ್ನು ಬಿಚ್ಚಿ ಚೀಲಕ್ಕೆ ತುರುಕದ ನನ್ನ ಜಂಬವೋ? ಇನ್ನೂ ತೀರ್ಮಾನವಾಗಿಲ್ಲ.

ಇತ್ತ ನಮ್ಮ ಮನೆಯೆದುರು, ಅಂಚೆ ಡಬ್ಬದ ನೆತ್ತಿಯ ಮೇಲೆಯೇ, ನನ್ನ ಆಳೆತ್ತರದ ಬ್ಯಾನರ್ ಕಟ್ಟಿಸಿದ್ದೀರಿ. ಪಕ್ಕದ ಮನೆಯಾಕೆ ಅದನ್ನು ನೋಡಿದಾಗಲೆಲ್ಲ ನಮ್ಮ ಅತ್ತೆಯನ್ನು ವಿಚಾರಿಸುತ್ತಾರೆ.

"ಎಲ್ಲೀವರೆಗೆ ಹೋದ್ರಂತೆ ಸೊಸೆ?"

"ಬೆಟ್ಟ ಇಳೀತಿದಾಳಂತೆ ಕಣ್ರೀ."

ನಿನ್ನೆ ಸರಿಯಾಗಿ ಆ ಹೊತ್ತಿಗೇ ನಾನು ಒಳಗೆ ಸೀನಿದೆ.

"ಯಾರದು ಸೀನಿದ್ದು?"

"ರೇಡಿಯೋ."

ಆಕೆ ಹೋದ ಮೇಲೆ ಅತ್ತೆ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡರು. "ನೋಡಮ್ಮ, ನೀನು ಏರಲ್ಲೇ ನಿಂತ್ಬಿಟ್ಟೆ. ನಾನೊಬ್ಳೇ ನಿನ್ನ ಬೆಟ್ಟ ಹತ್ತಿಸಿ ಇಳಿಸಿದೀನಿ. ನಾಳೆ ಸಮುದ್ರ ಬಂದುಬಿಡತ್ತೆ. ಈ ವಯಸ್ಸಲ್ಲಿ ಇಷ್ಟು ತುಳಿಯೋಕೆ ನನ್ನ ಕೈಲಾಗಲ್ಲ. ನೀನೇ ಹೋಗು."

"ನಗ್ತಾರೆ ಅತ್ತೆ."

"ನಗಲಿ ಬಿಡು. ನಾನು ಇಷ್ಟು ದಿನದಿಂದ ನಗು ತಡ್ಕೊಂಡಿದೀನಲ್ಲ, ಅದು ಅದಕ್ಕಿಂತ ಕಷ್ಟ."

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಬ್ಯಾನರ್ ಇಳಿಸಿ. ಸ್ಮರಣಿಕೆಯನ್ನು ವಾಪಸ್ ತರಿಸಿಕೊಳ್ಳಿ. ಸದ್ಯ ಅದು ಹಿಟ್ಟಿನ ಡಬ್ಬದ ಮುಚ್ಚಳ ಏಳದಂತೆ ಕಾಯುತ್ತಿದೆ. ನನ್ನ ರಜೆ ಇನ್ನೂ ಉಳಿದಿದೆ, ಮತ್ತೆ ಹೊರಡುತ್ತಿದ್ದೇನೆ. ಈ ಸಲ ಏರು ಬಂದಲ್ಲಿ ಇಳಿದು ತಳ್ಳುತ್ತೇನೆ, ಯಾವ ಬಸ್ಸು ಬಂದರೂ ಸರಿ. ದಯಮಾಡಿ ತಾವು ಬರಬೇಡಿ. ಬಂದೇ ತೀರುತ್ತೀರಾದರೆ ಬಾವುಟ ಆಫೀಸಿನಲ್ಲೇ ಬಿಟ್ಟು, ಆ ಏರಿನ ಬುಡಕ್ಕೆ ಬನ್ನಿ. ಹಿಂದಿನಿಂದ ತಳ್ಳಲು ಒಂದು ಕೈ ಬೇಕಾಗುತ್ತದೆ.

ಇಂತಿ,
ಹದಿನಾಲ್ಕು ಕಿಲೋಮೀಟರುಗಳ ಛಲಗಾತಿ

ಅಂಚೆಗೆ ಹಾಕುವ ದಿನ: ಅಕ್ಟೋಬರ್ ಹದಿನಾರು, ಬೆಳಿಗ್ಗೆ, ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತಿರುವಾಗ, ನನ್ನ ಕೈಯಾರೆ.