ನಾವು ಓಡಾಡುವ ಗೇಟಿನಿಂದ ಅಳೆಯಿರಿ

ಅಂಗಡಿಗಳಿಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ನಮ್ಮ ಹಾಸ್ಟೆಲ್ ಗೇಟಿನ ಎದುರಿಗೇ ಇರುವ ಅಂಗಡಿಯಲ್ಲಿ ಹದಿನೇಳು ವರ್ಷದ ಹುಡುಗಿಯರಿಗೆ ಸಿಗರೇಟು ಮಾರುತ್ತಾರೆ. ಬಿಡಿಬಿಡಿಯಾಗಿ, ಚಾಕೊಲೇಟ್ ಡಬ್ಬಿಯ ಪಕ್ಕದಲ್ಲೇ ಇಟ್ಟು ಮಾರುತ್ತಾರೆ. ವಿದ್ಯಾಸಂಸ್ಥೆಯ ಹತ್ತಿರ ತಂಬಾಕು ಮಾರಬಾರದಲ್ಲವೇ ಎಂದು ನಾನು ದೂರು ಕೊಟ್ಟೆ. ನಿಮ್ಮ ಕಚೇರಿಯಿಂದ ಉತ್ತರ ಬಂತು: ‘ಸ್ಥಳ ಪರಿಶೀಲಿಸಲಾಗಿದೆ. ವಿದ್ಯಾಸಂಸ್ಥೆಯ ಮುಖ್ಯದ್ವಾರದಿಂದ ಸದರಿ ಅಂಗಡಿಯು ನಿಯಮಾನುಸಾರ ದೂರದಲ್ಲಿದೆ.’ ಓದಿ ಮೊದಲು ನಗು ಬಂತು. ಆಮೇಲೆ ಇನ್ನೊಮ್ಮೆ ಓದಿದೆ, ನಗು ನಿಂತಿತು.

ಮಾನ್ಯರೇ, ನೀವು ಅಳೆದ ಆ ಮುಖ್ಯದ್ವಾರ ತೆರೆಯುವುದು ಮುಖ್ಯ ಅತಿಥಿಗಳಿಗೆ ಮಾತ್ರ. ನಾನು ಕಾಲೇಜು ಸೇರಿದ ಮೇಲೆ ಒಮ್ಮೆ ತೆರೆದದ್ದನ್ನು ನೋಡಿದ್ದೇನೆ. ಅಂದು ಬಂದವರು ಯುವಜನರ ಆರೋಗ್ಯದ ಕುರಿತು ಭಾಷಣ ಮಾಡಿ, ಅದೇ ದ್ವಾರದಿಂದ ಕಾರಿನಲ್ಲಿ ಹೊರಟುಹೋದರು. ಮಿಕ್ಕ ದಿನಗಳಲ್ಲಿ ಅದರ ಬೀಗಕ್ಕೆ ತುಕ್ಕೇ ಕಾವಲು. ನಾವೆಲ್ಲ ಓಡಾಡುವುದು ಹಿಂದಿನ ಸಣ್ಣ ಹಾಸ್ಟೆಲ್ ಗೇಟಿನಲ್ಲಿ. ಅಂಗಡಿ ಇರುವುದು ಆ ಗೇಟಿನ ಎದುರಿಗೆ. ನಿಮ್ಮವರು ಟೇಪು ಹಿಡಿದು ಇಡೀ ಕಟ್ಟಡವನ್ನು ಪ್ರದಕ್ಷಿಣೆ ಹಾಕಿ ಅಳೆದಿದ್ದಾರೆ. ತಲೆಯ ಹಿಂದಿನಿಂದ ಕೈ ಸುತ್ತಿಸಿ ಮೂಗು ಮುಟ್ಟಿದರೆ ಮೂಗೇನು ದೂರವಾಗುತ್ತದೆಯೇ?

‘ಹಾಗಾದರೆ ಆ ಅಂಗಡಿಗೆ ಹೋಗಬೇಡಿ’ ಎನ್ನುತ್ತೀರೇನೋ. ಸಂಜೆ ನಮಗೆ ಸಿಗುವ ಔಟ್‌ಪಾಸಿನ ಮೇಲೆ ಸೀಲು ಹೊಡೆದಿರುತ್ತದೆ: ‘ಅಂಗಡಿಯವರೆಗೆ ಮಾತ್ರ’. ಅದನ್ನು ದಾಟಿ ಒಂದು ಹೆಜ್ಜೆ ಇಟ್ಟರೆ ವಾಚ್‌ಮನ್ ಸೀಟಿ ಊದುತ್ತಾರೆ. ಪೆನ್ನು, ಜೆರಾಕ್ಸ್, ಸೋಪು, ರೀಚಾರ್ಜ್, ಎಲ್ಲಕ್ಕೂ ಅದೇ ಅಂಗಡಿ. ಆಕ್ಚುಲಿ ನಮಗೆ ಹೊರಜಗತ್ತು ಅಂದರೇ ಅದು. ಐದನೇ ಕ್ಲಾಸಿನಿಂದ ಹಾಸ್ಟೆಲುಗಳಲ್ಲೇ ಬೆಳೆದ ನನಗೆ ಬೇಲಿ ಹೊಸದಲ್ಲ. ಆದರೆ ಬೇಲಿ ಹಾಕಿದವರೇ ನಮ್ಮನ್ನು ದಿನಾ ಸಂಜೆ ಸಾಲಾಗಿ ಸಿಗರೇಟಿನ ಮುಂದೆ ತಂದು ನಿಲ್ಲಿಸುವುದನ್ನು ಇಲ್ಲಿ ನೋಡಿದೆ.

ನನ್ನ ರೂಮ್‌ಮೇಟನ್ನು ಎಲ್ಲರೂ ಜಿಂಕೆ ಎನ್ನುತ್ತಾರೆ. ಅವಳಿಗೆ ಸೀಟು ಸಿಕ್ಕಿದ್ದು, ಹಾಸ್ಟೆಲ್ ಫೀಸು ಮಾಫಿ ಆದದ್ದು, ಎರಡೂ ಓಟದಿಂದ. ಪರೀಕ್ಷೆಯ ಟೆನ್ಶನ್ನಿಗೆಂದು ಏಲಕ್ಕಿ ಪರಿಮಳದ ಒಂದು ಸಿಗರೇಟಿನಿಂದ ಶುರು ಮಾಡಿದಳು. ಈಗ ಮೆಟ್ಟಿಲು ಹತ್ತಿ ಬಂದರೆ ಮಂಚದ ಅಂಚು ಹಿಡಿದು ನಿಲ್ಲುತ್ತಾಳೆ. ಮುಂದಿನ ತಿಂಗಳು ಅವಳ ಆಯ್ಕೆ ಓಟ. ಬಿಡಬೇಕೆಂದು ಅವಳೇ ಅಂಗಡಿಗೆ ಹೋಗಿ ಹೇಳಿದಳು: “ಅಂಕಲ್, ಇನ್ಮೇಲೆ ನಾನ್ ಕೇಳಿದ್ರೂ ಕೊಡ್ಬೇಡಿ.”

“ಆಯ್ತು ಮಗಳೇ, ಕಾಲಿಗೆ ಬಿದ್ರೂ ಕೊಡಲ್ಲ.”

ಮರುದಿನ ಜೆರಾಕ್ಸಿಗೆ ಹೋದೆವು. ಸಿಗರೇಟಿನ ಡಬ್ಬಿ ಕಣ್ಣೆದುರಿಗೇ ಇತ್ತು. ಅವಳ ಕೈ ಆ ಕಡೆಗೆ ಹೋಯಿತು.

“ನಿನ್ನೆ ಏನಂದಿದ್ದೆ?” ಅಂಕಲ್ ಬೆರಳಾಡಿಸಿದರು.

“ನಿನ್ನೆ ಅಂದಿದ್ದು ನಿನ್ನೆಗೆ, ಅಂಕಲ್.”

ಅವರು ನಕ್ಕು ಕೊಟ್ಟೇಬಿಟ್ಟರು. ನಾನು ತಡವರಿಸುತ್ತ ಅಂದೆ: “ಅವಳಿಗಿನ್ನೂ ಹದಿನೇಳು.”

“ಹೆಣ್ಮಕ್ಕಳ ವಯಸ್ಸು ಕೇಳಬಾರ್ದು ಅಂತ ನಮ್ಮಮ್ಮ ಹೇಳ್ಕೊಟ್ಟಿದಾಳೆ ಕಣಮ್ಮ!”

ಸುತ್ತ ನಿಂತವರೆಲ್ಲ ನಕ್ಕರು. ಜಿಂಕೆಯೂ ನಕ್ಕಳು, ಕೆಮ್ಮು ಬರುವವರೆಗೆ. ಅಂಕಲ್ ಕೆಟ್ಟವರಲ್ಲ, ನನಗೆ ಜ್ವರ ಬಂದಾಗ ಗೇಟಿನವರೆಗೆ ಮಾತ್ರೆ ತಂದುಕೊಟ್ಟವರು. ಆದರೆ ಕಾನೂನು ನಡೆಯುವುದು ಒಬ್ಬರ ಒಳ್ಳೆಯತನದ ಮೇಲೆ ಅಂತಾದರೆ ನಿಮ್ಮ ಕಚೇರಿಗೆ ಫ್ಯಾನು, ಕುರ್ಚಿ ಯಾಕೆ ಬೇಕು?

ಎರಡನೇ ಸಲ ದೂರು ಕೊಟ್ಟೆ, ಅಪ್ರಾಪ್ತ ವಯಸ್ಸಿನವರಿಗೆ ಮಾರುತ್ತಿದ್ದಾರೆ ಎಂದು. ಈ ಸಲದ ಉತ್ತರ: ‘ಖರೀದಿಸಿದ ಅಪ್ರಾಪ್ತರ ಹೆಸರನ್ನು ವಿದ್ಯಾಸಂಸ್ಥೆಯ ದೃಢೀಕರಣದೊಂದಿಗೆ ಸಲ್ಲಿಸಿದಲ್ಲಿ ಕ್ರಮ ಕೈಗೊಳ್ಳಲಾಗುವುದು.’ ಸ್ವಾಮಿ, ಸಿಗರೇಟು ಮುಟ್ಟಿದವರು ಅಂದೇ ಮಂಚ ಖಾಲಿ ಮಾಡಬೇಕು ಎನ್ನುವುದು ನಮ್ಮ ಹಾಸ್ಟೆಲ್ ನಿಯಮ. ಮಾರಿದವರ ಮೇಲೆ ಕ್ರಮಕ್ಕೆ ಹೆಸರು, ಸಹಿ, ದೃಢೀಕರಣ ಎಲ್ಲ ಬೇಕು. ಸೇದಿದವಳನ್ನು ಹೊರಹಾಕಲು ಬಾಯಿಯ ವಾಸನೆ ಸಾಕು. ನಿಮ್ಮ ಕಾನೂನು ಯಾರನ್ನು ಕಾಯಲು ಹುಟ್ಟಿತೋ ಅವಳನ್ನೇ ಮೊದಲು ಬಲಿ ಕೇಳುತ್ತಿದೆ.

ಜಿಂಕೆ ನಿಮ್ಮ ಪತ್ರ ಓದಿದಳು. “ಬರ್ಕೊಡೇ ನನ್ನ ಹೆಸ್ರು. ಅಂಗಡಿ ಡಬ್ಬಿ ಹೋದ್ರೆ ನನ್ನ ಚಟಾನೂ ಹೋಗುತ್ತೆ.”

“ಜೊತೆಗೆ ನೀನೂ ಹೋಗ್ತೀಯ, ಪೆದ್ದಿ.”

“ಹೋಗ್ತೀನಿ. ನಮ್ಮನೇಲಿ ಓಡೋಕೆ ಜಾಗ ಇಲ್ಲ, ಅಷ್ಟೇ.”

ಹಾಗೆಂದು ಗೋಡೆ ಕಡೆ ತಿರುಗಿ ಮಲಗಿದಳು.

ಆದ್ದರಿಂದ ಕೇಳುತ್ತಿದ್ದೇನೆ, ಸೀರಿಯಸ್ಸಾಗಿ ಕೇಳುತ್ತಿದ್ದೇನೆ. ಔಟ್‌ಪಾಸಿನ ಹೊತ್ತಿಗೆ ಬಂದು ನಮ್ಮ ಜೊತೆ ಸಾಲಿನಲ್ಲಿ ನಿಲ್ಲಿ. ಮಕ್ಕಳು ಯಾವ ಗೇಟಿನಲ್ಲಿ ಓಡಾಡುತ್ತಾರೋ ಆ ಗೇಟಿನಿಂದ ಅಳೆಯಿರಿ, ನಿಯಮದಲ್ಲೂ ಹಾಗೆಂದೇ ಬರೆಯಿರಿ. ಅಂಕಲ್ ಪೆನ್ನು, ಸೋಪು ಮಾರಿಕೊಂಡು ಚೆನ್ನಾಗಿರಲಿ. ತಂಬಾಕಿನ ಪರವಾನಗಿ ಮಾತ್ರ ವಾಪಸ್ ಪಡೆಯಿರಿ. ಬಿಡಿ ಮಾರಾಟ ಎಲ್ಲ ಅಂಗಡಿಗಳಲ್ಲೂ ನಿಲ್ಲಲಿ. ವಯಸ್ಸು ಕೇಳದೆ ಮಾರುತ್ತಾರೋ ಇಲ್ಲವೋ ತಿಳಿಯಬೇಕಿದ್ದರೆ ನಿಮ್ಮಲ್ಲೇ ಎಳೆ ಮುಖದ ಯಾರನ್ನಾದರೂ ಕೊಳ್ಳಲು ಕಳುಹಿಸಿ. ಮಕ್ಕಳ ಹೆಸರು ಕೇಳಬೇಡಿ.

ಇಷ್ಟಾಗಿಯೂ ಹೆಸರಿಲ್ಲದೆ ಕಡತ ಕದಲುವುದಿಲ್ಲ ಎಂದು ನಿಮ್ಮ ಗುಮಾಸ್ತರು ಫೋನಿನಲ್ಲಿ ಹೇಳಿದರು. ಸರಿ. ನನಗೂ ಹದಿನೇಳು. ನಿನ್ನೆ ಸಂಜೆ ಒಬ್ಬಳೇ ಹೋಗಿ ಒಂದು ಸಿಗರೇಟು ಕೊಂಡೆ. “ನೀನೂನಾ? ಅಂತೂ ದಾರಿಗೆ ಬಂದೆ,” ಎಂದರು ಅಂಕಲ್, ಬೇರೇನೂ ಕೇಳಲಿಲ್ಲ. ಅದನ್ನು ಸೇದದೆ ಲಕೋಟೆಯಲ್ಲಿಟ್ಟು, ಮೇಲೆ ನನ್ನ ಹೆಸರು ಬರೆದು, ದೃಢೀಕರಣಕ್ಕೆಂದು ವಾರ್ಡನ್ ಮೇಡಂ ಮೇಜಿನ ಮೇಲೆ ಇಟ್ಟಿದ್ದೇನೆ. ಅವರು ಊಟ ಮುಗಿಸಿ ಬರುತ್ತಾರೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಇಂತಿ,
ನೀವು ಕೇಳಿದ ಹೆಸರಿನವಳು,
ಪೆಟ್ಟಿಗೆ ಕಟ್ಟಿಟ್ಟುಕೊಂಡು ಕೂತಿರುವ ಮೊದಲ ವರ್ಷದ ವಿದ್ಯಾರ್ಥಿನಿ