ಆಡಿನ ಕೊರಳಿನ ಕೆಂಪು ದಾರ

ಮಾನ್ವಿ
೨೦ ಆಗಸ್ಟ್ ೨೦೨೫, ಬುಧವಾರ

ಮಸರಕಲ್ ಸಿಂಹಾಸನಾಧೀಶ್ವರಿ, ಮೆಂತ್ಯದ ನೀರಿನ ಮಹಾಪ್ರವರ್ತಕಿ, ನಸುಕಿನ ನಡಿಗೆಯ ದಂಡನಾಯಕಿ, ಗುಟಕಾ ಕುಲಾಂತಕಿ, ನರ್ಸ್‌ಕುಲತಿಲಕಿ ಶ್ರೀಮತಿ ದುರ್ಗಾದೇವಿಯವರ ಸನ್ನಿಧಾನಕ್ಕೆ, ಮಾನ್ವಿ ಪಟ್ಟಣದ ಆಟೋ ಪ್ರಚಾರಕನೂ ತಮ್ಮ ಪರಿತ್ಯಕ್ತ ಪತಿಯೂ ಆದ ಹುಸೇನಪ್ಪನು ಮೂರು ಸಲ ಮೈಕು ತಟ್ಟಿ, ಹಲೋ ಹಲೋ ಎಂದು ಮಾಡಿಕೊಳ್ಳುವ ವಿಜ್ಞಾಪನೆ.

ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ, ಹಾಗಾಗಿ ಕಾಗದ. ಮದುವೆಗೆ ಮೊದಲು ಬರೆಯಬೇಕಿದ್ದದ್ದನ್ನು ಈಗ ಬರೆಯುತ್ತಿದ್ದೇನೆ, ಅದೂ ಜಗಳಕ್ಕೆ.

ನೀನು ಹೋದ ಮೇಲೆ ಈ ಮನೆಯಲ್ಲಿ ಆರೋಗ್ಯ ಉಕ್ಕಿ ಹರಿಯುತ್ತಿದೆ. ಬೇಗ ಮಲಗುತ್ತೇನೆ, ಮಾತಾಡಲು ಯಾರೂ ಇಲ್ಲವಲ್ಲ. ರಾತ್ರಿ ಊಟ ಮೊಸರನ್ನ. ಹಸಿಮೆಣಸಿನಕಾಯಿ ಕಡಿಯದೆ ರೊಟ್ಟಿ ಮುರಿಯದ ನಿನ್ನ ಗಂಡ ಖಾರ ಬಿಟ್ಟಿದ್ದಾನೆ, ಚಪ್ಪಾಳೆ ಹೊಡಿ. ಗುಟಕಾ ಎಂಬ ಪದವೇ ಮರೆತಿದೆ. ಇವತ್ತು ಬೆಳಿಗ್ಗೆ ತಂಬಾಕು ಬಿಡಿಸುವ ಶಿಬಿರದ ಪ್ರಚಾರಕ್ಕೆ ಆಟೋ ಪೋತ್ನಾಳದವರೆಗೆ ಹೋಗಿ ಬಂತು. 'ಮಹಾಜನರೇ, ನಿಮ್ಮ ಬಾಯಿ ನಿಮ್ಮ ಭಾಗ್ಯ' ಎಂದು ನನ್ನ ದನಿ ಓಣಿ ಓಣಿ ತಿರುಗಿತು. ಚಹಾದಂಗಡಿಯ ಗುಡುಸಾಬ ಚಹಾ ಸೋಸುತ್ತಾ, "ಏನ್ ದನಿ ಅದಲೇ ನಿಂದು, ಸತ್ತಾವೂ ಎದ್ದು ಕುಂದರ್ತಾವ" ಅಂದ. ಹೀಗಿದ್ದವನನ್ನು ಬಿಟ್ಟು ಹೋದೆ.

ಅದೂ ಒಂದು ಆಡಿನ ಸಲುವಾಗಿ! ಕಟ್ಟೆಯ ಮೇಲೆ ಕೂತ ಹಿರಿಯರಿಗೆ ಒಪ್ಪಿಸುವಂತೆ ಇನ್ನೊಮ್ಮೆ ಹೇಳುತ್ತೇನೆ, ತಪ್ಪು ಯಾರದೋ ನೀನೇ ತೀರ್ಮಾನಿಸು.

ಮೊಹರಂ ಬಂತು. "ಈ ಸಲ ಫಕೀರ ಆಗ್ರಿ" ಅಂತ ನೀನು ಅಂದೆ. ನಮ್ಮಪ್ಪ, ಅವರಪ್ಪ ಎಲ್ಲ ಹರಕೆ ಹೊತ್ತು ಆದವರೇ, ನಾನೂ ಆದೆ. ಕೆಂಪು ದಾರವನ್ನು ನೀನೇ ಕೊರಳಿಗೆ ಕಟ್ಟಿದೆ. ದಾರ ಇರುವಷ್ಟು ದಿನ ಚಟ ಮುಟ್ಟಬಾರದು ಅಂದೆ, ನಾನು ಮುಟ್ಟಲಿಲ್ಲ. ಬೇಕಾದರೆ ಗುಡುಸಾಬನನ್ನು ಕೇಳು. ಹಬ್ಬ ಮುಗಿದು ಅಲಾಯಿ ದೇವರು ಹೊಳೆಗೆ ಹೋದವು. ಊರಿನ ಫಕೀರರೆಲ್ಲ ದಾರ ಬಿಚ್ಚಿದರು. ನೀನು ಮಾತ್ರ, "ನೀವು ಬಿಚ್ಚಬ್ಯಾಡ್ರಿ, ಹಂಗೇ ಇರ್ಲಿ, ನನ್ ಸಲುವಾಗಿ" ಅಂದೆ. ದೇವರೇ ಹೊಳೆಗೆ ಹೋದ ಮೇಲೆ ಹರಕೆ ಯಾರಿಗೆ? ನಾನು ಬಿಚ್ಚಿ ಜೇಬಿಗೆ ಹಾಕಿದೆ. ನಿನಗೆ ಕೊರಳು ಕಾಣದಂತೆ ಅಂಗಿಯ ಕಾಲರ್ ಮೇಲೆತ್ತಿ ತಿರುಗಿದೆ.

ಆಮೇಲೆ ನಿನ್ನ ನಡಿಗೆಯ ಆಜ್ಞೆ. ಹೆಜ್ಜೆ ಎಣಿಸುವ ಆಪ್ ಒಂದನ್ನು ನೀನೇ ನನ್ನ ಫೋನಿಗೆ ಹಾಕಿಕೊಟ್ಟೆ. ಬೂಟು ಹಾಕಿಕೊಂಡು ನಾನು ಗುಡುಸಾಬನ ಬೆಂಚಿನ ಮೇಲೆ ಕೂತೆ, ಫೋನು ಅವನ ಆಡಿನ ಕೊರಳಲ್ಲಿ ತೂಗಿತು. ಆಡು ಸಂತೆ ಮೈದಾನ ಸುತ್ತಿತು. ಸಂಜೆ ನೀನು ಹೆಜ್ಜೆ ನೋಡಿ ಅರಳಿ, ತವರಿಗೆ ಫೋನ್ ಮಾಡಿ, "ಯವ್ವಾ, ನಮ್ಮ ಮನಿಯವ್ರು ಭಾಳ ಬದಲ್ಯಾಗ್ಯಾರ" ಅಂದೆ. ನಾನು ಬಾಗಿಲಲ್ಲಿ ನಿಂತು ನಗು ತಡೆದುಕೊಂಡೆ.

ಮಸರಕಲ್‌ನಲ್ಲಿ ನಿನ್ನ ತಮ್ಮನ ನಿಶ್ಚಿತಾರ್ಥದ ಪಂಕ್ತಿಯಲ್ಲಿ ಈ ಆಡಿನ ಕತೆಯನ್ನು ನಾನೇ ಹೇಳಿದೆ, ಒಪ್ಪುತ್ತೇನೆ. ಅಷ್ಟು ಜನ ಕೂತಾಗ ನನ್ನ ಬಾಯಿ ಸುಮ್ಮನಿರುತ್ತದೆಯೇ? ನಿಮ್ಮಪ್ಪ ಕನಕಪ್ಪ ಮಾವನವರಿಗೇ ನಕ್ಕೂ ನಕ್ಕೂ ಕೆಮ್ಮು ಹತ್ತಿತು. ನೀನೂ ನಗುತ್ತಿದ್ದೆ, ನಾನು ನೋಡಿದ್ದೇನೆ. ಆಮೇಲೆ ಸಾರಿನ ಬಕೆಟ್ ಹಿಡಿದುಕೊಂಡೇ, "ಯಾವ ದಾರಲೆ ಕಟ್ಟಿದ್ರಿ?" ಎಂದು ಕೇಳಿದೆ. ನೀನೇ ಕಟ್ಟಿದ್ದ ಕೆಂಪು ದಾರ ಅಂತ ನಾನು ಹೇಳಿದೆ. ಆಗ ಇನ್ನೂ ಜೋರು ನಗು. ನೀನು ಬಕೆಟ್ ಕೆಳಗಿಟ್ಟೆ.

"ನಿಮ್ಮ ನಗಿಗೆ ನನ್ನ ನಂಬಿಕಿನೇ ಬೇಕಿತ್ತೇನ್ರೀ?"

ಅಷ್ಟೇ ಅಂದದ್ದು. ಒಳಗೆ ಹೋದವಳು ನನ್ನೊಂದಿಗೆ ಬಸ್ಸು ಹತ್ತಲಿಲ್ಲ.

ಈಗ ನಾನು ಹೇಳುತ್ತೇನೆ, ಕೇಳು. ನಿನಗೆ ಗಂಡ ಬೇಕಿರಲಿಲ್ಲ, ಪೇಶಂಟ್ ಬೇಕಾಗಿತ್ತು. ನಾನು ನಕ್ಕರೆ ನೀನು ನನ್ನ ಹಲ್ಲು ನೋಡುತ್ತಿದ್ದೆ. ಮುದ್ದು ಮಾಡಲು ಬಂದರೆ ಬಾಯಿ ಮೂಸುತ್ತಿದ್ದೆ. ಚಹಾಕ್ಕೆ ಸಕ್ಕರೆ ಹಾಕುವಾಗ ಕಳ್ಳನ ಹಾಗೆ ಹಿಂದೆ ತಿರುಗಿ ನೋಡಿದ್ದೇನೆ, ನನ್ನ ಮನೆಯಲ್ಲಿ, ನನ್ನ ಸಕ್ಕರೆಗೆ. ಮನಸ್ಸಿನ ಆರೋಗ್ಯಕ್ಕೆ ದಿನಕ್ಕೊಮ್ಮೆ ಮನಬಿಚ್ಚಿ ಮಾತಾಡಬೇಕು ಅನ್ನುತ್ತಿದ್ದೆ. ಯಾರ ಜೊತೆ? ಡ್ಯೂಟಿ ಮುಗಿಸಿ ಬಂದು ಮತ್ತೆ ಡ್ಯೂಟಿ ಮಾಡುವವಳ ಜೊತೆಯೇ?

ನಿನ್ನೆ ಮಾವನವರು ಫೋನ್ ಮಾಡಿದ್ದರು. "ಅಳಿಯಂದ್ರ, ಆಕಿದು ಒಂದ ಮಾತ್ರೀ. ಒಂದ್ ಸಲ, ನಗಸದಂಗ, ಖರೇ ಹೇಳ್ಲಿ, ಬರ್ತೀನಿ ಅಂತಾಳ. ಇಲ್ಲಾಂದ್ರ ಸೋಮವಾರ ದೇವದುರ್ಗದಾಗ ಕೆಲಸಕ್ಕ ಹಾಜರ್ ಆಗ್ತಾಳ. ಅಲ್ಲೇ ಮನಿ ನೋಡ್ಯಾಳ." ನಾನು, "ಮಾವಾರ, ಖರೇ ಹೇಳಾಕ ನನ್ನ ರೇಟು ಬ್ಯಾರೆ ಅದರೀ" ಅಂದೆ. ಅವರು ನಗಲಿಲ್ಲ.

ಕೆಲಸಕ್ಕೆ ಹೋಗು. ಅಲ್ಲಿಯೂ ಗಾಳಿ ಚೆನ್ನಾಗಿದೆಯಂತೆ, ನಡೆಯಲು ರಸ್ತೆ ಇದೆಯಂತೆ. ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ನನಗೆ ಯಾರ ಔಷಧಿಯೂ ಬೇಡ, ಯಾರ ದಾರವೂ ಬೇಡ.

ಇಂತಿ, ಮೈಕು ಆರಿಸುವ ಅಪ್ಪಣೆ ಬೇಡುತ್ತಾ,
ಸರ್ವಾಂಗ ಸುದೃಢ
ಹುಸೇನಪ್ಪ

ತಾ.ಕ.: ದುರ್ಗಾ, ಆಟೋದಲ್ಲಿ ಓಡಿದ್ದು ಹೋದ ವರ್ಷದ ರೆಕಾರ್ಡಿಂಗ್. ನನಗೆ ಬಾಯಿ ತೆರೆಯಲು ಬರುತ್ತಿಲ್ಲ. ಎರಡು ಬೆರಳು ಕೂಡ ಕಷ್ಟಪಟ್ಟು ಹೋಗುತ್ತವೆ, ಒಳಗೆ ಕೆನ್ನೆ ಹಗ್ಗದ ಹಾಗೆ ಬಿಗಿದಿದೆ, ಸಾರು ತಾಗಿದರೂ ಉರಿಯುತ್ತದೆ. ಗುಟಕಾ ಬಿಟ್ಟಿಲ್ಲ. ಯಾರಿಗೂ ಹೇಳಿಲ್ಲ. ರಾಯಚೂರಿಗೆ ತೋರಿಸಲು ಒಬ್ಬನೇ ಹೋಗಿ, ಆಸ್ಪತ್ರೆಯ ಗೇಟಿನಿಂದ ವಾಪಸ್ ಬಂದೆ. ಹೆದರಿಕೆ ಆಗಾಕತ್ತದ.