ಚಿಕ್ಕಮಾರಮ್ಮನ ಎದೆ ಫಿಲ್ಮು

೧೨-೯-೧೯೮೩, ಸೋಮವಾರ

ಮುದ್ದೆ, ಹುರುಳಿಕಾಳಿನ ಸಾರು, ಮಜ್ಜಿಗೆ. ಕ್ಯಾರಿಯರ್‌ನ ಮೇಲಿನ ಡಬ್ಬಿ ಇವತ್ತೂ ಸೋರಿತು. ಸೆರಗೆಲ್ಲ ಮಜ್ಜಿಗೆ. ಕ್ಯಾತ್ಸಂದ್ರದಿಂದ ತುಮಕೂರಿನ ದೊಡ್ಡಾಸ್ಪತ್ರೆಗೆ ಸಿಟಿ ಬಸ್ಸಿನಲ್ಲಿ ನಿಂತೇ ಹೋದೆ. ಒಬ್ಬ ಕಾಲೇಜು ಹುಡುಗನೂ ಎದ್ದು ಜಾಗ ಕೊಡಲಿಲ್ಲ. ಪುಸ್ತಕ ಹೊತ್ತ ಕತ್ತೆಗಳು.

ಮೊಮ್ಮಗಳು ದಾಕ್ಷಿ ಎಕ್ಸ್‌ರೇ ರೂಮಿನಿಂದ ಹೊರಗೆ ಬರುವ ಹೊತ್ತಿಗೆ ಮುದ್ದೆ ತಣ್ಣಗಾಗಿತ್ತು. ಕೈಯೆಲ್ಲ ಹೈಪೋ ವಾಸನೆ — ಫಿಲ್ಮು ತೊಳೆಯುವ ಔಷಧಿ, ಎಷ್ಟು ಸೋಪು ಹಾಕಿದರೂ ಹೋಗುವುದಿಲ್ಲ.

"ಹೆಣ್ಮಗಳ ಕೈ ಹಿಂಗಾ ನಾರೋದು?" ಅಂದೆ.

"ಸಂಬ್ಳ ತರೋ ಕೈ ಹಿಂಗೇ ನಾರೋದು ಕಣಜ್ಜಿ," ಅಂದಳು. ಬಾಯಿ ನನ್ನದೇ. ಯಾರನ್ನು ಬೈಯಲಿ?

ಮದುವೆಯಾಗದ ಹುಡುಗಿ ತುಮಕೂರಿನಲ್ಲಿ ಒಬ್ಬಳೇ ಇರಬಾರದು ಅಂತ ಮಗ ನನ್ನನ್ನು ನಿಟ್ಟೂರಿನಿಂದ ಕಾವಲಿಗೆ ಕಳಿಸಿದ್ದಾನೆ. ಕಾವಲು ನಾನು ಅವಳಿಗೋ, ಅವಳು ನನಗೋ. ಊಟ ಕೊಟ್ಟ ಮೇಲೆ ಕಾರಿಡಾರಿನ ಬೆಂಚಿನ ಮೇಲೆ ಕೂರುತ್ತೇನೆ. ಮನೆಯಲ್ಲಿ ಮಾತಾಡಲು ಗೋಡೆ ಬಿಟ್ಟರೆ ಯಾರಿದ್ದಾರೆ.

ಅಲ್ಲಿ ಕೂತಾಗಲೆಲ್ಲ ಗುಬ್ಬಿಗೆ ಬಂದಿದ್ದ ಎಕ್ಸ್‌ರೇ ವ್ಯಾನು ನೆನಪಿಗೆ ಬರುತ್ತದೆ. ಎಪ್ಪತ್ತೊಂದೋ ಎಪ್ಪತ್ತೆರಡೋ. ಫೋಟೋ ತೆಗೀತಾರಂತೆ ಅಂತ ಊರೆಲ್ಲ ಸುದ್ದಿ. ನಮ್ಮೆಜಮಾನರು ಮೀಸೆಗೆ ಎಣ್ಣೆ ಹಚ್ಚಿ, ಮದುವೆಯ ಕೋಟು ಹಾಕಿ, ರುಮಾಲು ಸುತ್ತಿಕೊಂಡು ಹೊರಟರು. ಅಲ್ಲಿ ನೋಡಿದರೆ ಎಲ್ಲ ಬಿಚ್ಚು ಅಂದರಂತೆ! ಸಪ್ಪೆ ಮುಖ ಹಾಕಿಕೊಂಡು ಬಂದರು. "ಮುಖ ಬರಲ್ವಂತೆ ಕಣೇ. ಬರೀ ಪಕ್ಕೆಲುಬಂತೆ. ಗೋಡೆಗೆ ಹಾಕಿದ್ರೆ ಯಾರು ಗುರುತು ಹಿಡೀತಾರೆ?"

"ನಾನು ಹಿಡೀತೀನಿ ಬುಡಿ," ಅಂದಿದ್ದೆ.

ಆ ಮಾತಿಗೆ ಆವತ್ತು ಊಟ ಮಾಡುತ್ತಾ ಮಾಡುತ್ತಾ ನಕ್ಕಿದ್ದೇ ನಕ್ಕಿದ್ದು. ಈಗ ಗೋಡೆಯ ಮೇಲೆ ಅವರ ಮುಖದ ಫೋಟೋನೇ ಇದೆ. ನಗುವುದಿಲ್ಲ.

೧೩-೯-೮೩, ಮಂಗಳವಾರ

ಎಕ್ಸ್‌ರೇಗೆ ಮೈಮೇಲೆ ಲೋಹ ಇರಬಾರದು. ಹೆಂಗಸರು ಓಲೆ ಬಿಚ್ಚುತ್ತಾರೆ, ಬಳೆ ಬಿಚ್ಚುತ್ತಾರೆ, ತಾಳಿ ಅಂದರೆ ಮಾತ್ರ ಕತ್ತು ಹಿಡಿದುಕೊಂಡು ನಿಲ್ಲುತ್ತಾರೆ. ಕೆಲವರು ಹಾಗೆಯೇ ಎದ್ದು ಊರಿಗೆ ಹೋದದ್ದೂ ಉಂಟು. ಅದಕ್ಕೆ ದಾಕ್ಷಿ ಒಂದು ದಾರಿ ಮಾಡಿದ್ದಾಳೆ. ತಾಳಿ ರಿಪೇರಿಗೆ ಅಕ್ಕಸಾಲಿಗನ ಹತ್ತಿರ ಹೋದಾಗ ಕತ್ತು ಬರಿದಾಗಬಾರದು ಅಂತ ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿಕೊಳ್ಳುವುದಿಲ್ಲವೇ, ಅದನ್ನೇ ಇಲ್ಲಿ ಮುಂಗೈಗೆ. ಫಿಲ್ಮು ತೆಗೆಯುವಷ್ಟು ಹೊತ್ತು. ಕೊಂಬು ತಂದಿಡುವುದು ನನ್ನ ಕೆಲಸ. ಗಂಡ ಹೋದವಳು, ಕೈಯಾರೆ ಕೊಡುವುದಿಲ್ಲ. ಕಿಟಕಿಯ ಮೇಲಿನ ಡಬ್ಬಿಯಲ್ಲಿ ಹಾಕಿರುತ್ತೇನೆ. ಅವರೇ ತೆಗೆದುಕೊಳ್ಳುತ್ತಾರೆ.

ಇವತ್ತು ಒಬ್ಬಳು ಬಂದಳು. ಎಳೆ ಪ್ರಾಯ, ಒಣ ಕೆಮ್ಮು, ಕಂಕುಳಲ್ಲಿ ಮೊಲೆ ಕುಡಿಯುವ ಕೂಸು. ಗಂಡ ಅಂಜಿನಪ್ಪ ಕುಣಿಗಲ್‌ನ ಕುದುರೆ ಫಾರಮ್ಮಿನಲ್ಲಿ ಕುದುರೆ ಮೈ ಉಜ್ಜುವವನು. ಕೂಸನ್ನು ಅವನ ಕೈಗೆ ಕೊಟ್ಟು ನನ್ನ ಪಕ್ಕ ಕೂತಳು.

"ಯಾವೂರವ್ವ?"

"ಕೊಟ್ಟಿರೋದು ಕುಣಿಗಲ್ಗೆ. ಹುಟ್ಟಿದ್ದು ನಿಟ್ಟೂರು ಕಣಜ್ಜಿ. ರೈಲ್ವೆ ಗೇಟಿನ ದ್ಯಾವಪ್ಪನ ಮಗಳು, ಚಿಕ್ಕಮಾರಮ್ಮ."

"ಅಯ್ ನಿನ್ ಮನೆ ಕಾಯ! ದ್ಯಾವಪ್ಪನ ಮಗಳೇನೇ! ನಿಮ್ಮವ್ವ ನಮ್ಮನೆಗೆ ಹುಣಸೆಹಣ್ಣು ಕುಟ್ಟೋಕೆ ಬರೋಳು. ಅರ್ಧ ಕುಟ್ಟೋಳು, ಅರ್ಧ ಚೀಪೋಳು."

"ಇವಾಗ್ಲೂ ಹಂಗೇಯ," ಅಂತ ನಕ್ಕಳು. ನಗುವಾಗ ಕೆಮ್ಮು ಬಂತು.

ನಿಟ್ಟೂರು ಅಂದ ಮೇಲೆ ಕೇಳಬೇಕೆ. ಸ್ಟೇಷನ್ನಿನ ಹೊಂಗೆ ಮರ ಇದೆಯಾ, ಗೇಟು ಹಾಕಿದಾಗ ಎತ್ತಿನ ಗಾಡಿಯವರು ಈಗಲೂ ಬೈತಾರಾ... ನಾಲಿಗೆಗೆ ಬೆಲ್ಲ ಹಚ್ಚಿದ ಹಾಗಾಯಿತು. ಸರದಿ ಬಂದಾಗ ತಾಳಿ ಬಿಚ್ಚಿ ಗಂಡನಿಗೆ ಕೊಟ್ಟಳು. ಕೊಂಬನ್ನು ಮಾತ್ರ ಮುಂಗೈಗೆ ಕಟ್ಟಲು ಒಲ್ಲಳು.

"ಬರಿ ಕತ್ತಲ್ಲಿ ನಿಂತ್ಲು ಅಂತ ನಮ್ಮತ್ತೆಗೆ ಗೊತ್ತಾದ್ರೆ ಮುಗೀತು ಅಜ್ಜಿ. ನಮ್ ಯಜಮಾನ್ರು ಎಲ್ಲಾನೂ ಅವ್ರವ್ವಂಗೆ ಹೇಳ್ತಾರೆ."

ಕಣ್ಣಲ್ಲಿ ನೀರು. ನಮ್ಮೂರ ಹುಡುಗಿ. "ಕತ್ತಲ್ಲೇ ಇರ್ಲಿ ಬುಡು," ಅಂದೆ. "ಒಣಗಿದ ಬೇರು, ಎಕ್ಸ್‌ರೇಲಿ ಎಲ್ಲಿ ಕಾಣ್ತದೆ? ದಾಕ್ಷಿ ಕಣ್ಣಿಗೆ ಬೀಳ್ದಂಗೆ ಹೆಗಲ ಕಡೆ ಸರಿಸ್ಕೊ, ಗೌನೊಳಗೆ."

ಒಂದು ಸಲ ನನ್ನ ತಾಳಿಯೂ ಗುಬ್ಬಿಯ ಅಕ್ಕಸಾಲಿಗನ ಹತ್ತಿರ ಹೋಗಿತ್ತು. ಅವನು ಇವತ್ತು ನಾಳೆ ಅಂತ ಆಟ ಆಡಿಸಿದ. ಕೊಂಬು ಕಟ್ಟಿಕೊಂಡು ಓಡಾಡುತ್ತಿದ್ದೆ. "ಮೆಣಸಿನಕಾಯಂತೂ ನಾಲಿಗೇಲೇ ಅದೆ, ಅರಿಶಿನಾನೂ ಬಂತು. ಇನ್ನು ಸಾರಿಗೆ ಉಪ್ಪೊಂದು ಕಮ್ಮಿ," ಅಂತ ನಮ್ಮೆಜಮಾನರು ರೇಗಿಸುತ್ತಿದ್ದರು. ತಾಳಿ ಬಂದ ಮೇಲೂ ಆ ಕೊಂಬನ್ನು ಬಹಳ ದಿನ ಎಸೆಯಲಿಲ್ಲ.

೧೭-೯-೮೩, ಶನಿವಾರ

ದಾಕ್ಷಿ ಸಪ್ಪಗೆ ಬಂದಳು. "ನಿಮ್ಮೂರಿನ ಹುಡುಗಿ ಅಜ್ಜಿ, ಕೂಸಿನೋಳು. ಎಡಗಡೆ ಮೇಲ್ಗಡೆ ನೆರಳಿದೆ. ಡಾಕ್ಟ್ರು ಟೀಬಿ ಔಷಧಿ ಶುರು ಮಾಡಿದ್ರು."

"ಕಫ ನೋಡಿದ್ರಲ್ಲೇ?"

"ಅದ್ರಲ್ಲಿ ಸಿಗಲಿಲ್ಲ. ಆದ್ರೂ ಕೆಮ್ಮಿದೆ, ಫಿಲ್ಮಲ್ಲಿದೆ. ಬಿಡೋಕಾಗುತ್ತಾ?"

ಕಾರಿಡಾರಿನಲ್ಲೇ ಅಂಜಿನಪ್ಪ ಹೇಳಿದನಂತೆ — ವಾಸಿಯಾಗೋವರೆಗೆ ನಿಟ್ಟೂರಿಗೆ ಹೋಗು, ಕೂಸನ್ನು ಅವ್ವ ನೋಡಿಕೊಳ್ಳುತ್ತೆ, ಬಾಟಲಿ ಹಾಲು ಹಾಕುತ್ತೆ. ಕೂಸಿಗೆ ಏನೂ ಆಗುವುದಿಲ್ಲ, ಔಷಧಿ ತಗೊಂಡು ಹಾಲು ಕೊಡಬಹುದು ಅಂತ ಡಾಕ್ಟರು ಅಂದರೂ ಕೇಳಲಿಲ್ಲವಂತೆ. ಅವಳು ಬಾಗಿಲ ಹತ್ತಿರ ಕೂಸನ್ನು ಕೊಡುವಾಗ... ದಾಕ್ಷಿ ತಟ್ಟೆ ಸರಿಸಿ ಎದ್ದಳು. ಊಟ ಮಾಡಲಿಲ್ಲ.

೧೮-೯-೮೩, ಭಾನುವಾರ, ಬೆಳಿಗ್ಗೆ ಹನ್ನೊಂದು

ಮೊರದಲ್ಲಿ ಅರಿಶಿನದ ಕೊಂಬು ಬಿಸಿಲಿಗೆ ಇಟ್ಟೆ. ದಾಕ್ಷಿ ತಲೆ ಒಣಗಿಸಿಕೊಳ್ಳುತ್ತಾ ಪಕ್ಕದಲ್ಲೇ ಕೂತಿದ್ದಳು.

"ಆ ನೆರಳು ಹೆಂಗಿತ್ತೇ?" ಅಂತ ಸುಮ್ಮನೆ ಕೇಳಿದೆ.

"ಬೆರಳಿನ ಹಂಗೆ. ಉದ್ದಕ್ಕೆ. ತುದಿ ಮೊಂಡು."

ಮೊರ ನೋಡಿದೆ. ಮೊರದ ತುಂಬ ಬೆರಳು.

ಎದ್ದು ಒಳಗೆ ಬಂದೆ.

೨೯-೯-೮೩, ಗುರುವಾರ

ಬರೆಯಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಅನ್ನಿಸಿತು. ಕ್ಯಾರಿಯರ್ ಕೊಟ್ಟು ತಕ್ಷಣ ವಾಪಸು ಬರುತ್ತಿದ್ದೆ. ಬೆಂಚಿನ ಕಡೆ ನೋಡಲಿಲ್ಲ. "ಏನಜ್ಜಿ, ಬಾಯಿಗೆ ಬೀಗ?" ಅಂತ ದಾಕ್ಷಿ ಕೇಳಿದಳು. ಊರನ್ನೆಲ್ಲ ಬೈದ ಬಾಯಿ, ನನ್ನ ಸರದಿ ಬಂದಾಗ ಬೀಗ.

ಬಾಟಲಿ ಹಾಲು ಆ ಕೂಸಿಗೆ ಒಗ್ಗಿತೋ ಇಲ್ಲವೋ.

ಇವತ್ತು ಹೇಳಿದೆ. ರೊಟ್ಟಿ ತಟ್ಟುತ್ತಾ, ಮುಖ ನೋಡದೆ. ದಾಕ್ಷಿ ಕೇಳಿಸಿಕೊಂಡಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. "ನಾನು ಕತ್ತು ಮುಟ್ಟಿ ನೋಡ್ಬೇಕಿತ್ತು," ಅಂದಳು. "ಎಲ್ರದ್ದೂ ನೋಡ್ತೀನಿ. ಅವತ್ತು ಕರೆಂಟು ಹೋಗಿ ಬಂದಿತ್ತು, ಸಾಲು ಬಾಗಿಲವರೆಗಿತ್ತು..."

"ನಾನೇ ಹೇಳ್ಕೊಟ್ಟೆ ಕಣೇ."

"ಹೇಳ್ಕೊಡೋರು ಸಾವಿರ ಜನ ಇರ್ತಾರೆ. ಫಿಲ್ಮು ತೆಗ್ದೋಳು ನಾನು."

ರೊಟ್ಟಿ ಹೊತ್ತಿತು.

೩೦-೯-೮೩, ಶುಕ್ರವಾರ

ದಾಕ್ಷಿ ತಾನೇ ಡಾಕ್ಟರ ಹತ್ತಿರ ಹೋದಳು. ಸದಾಶಿವಯ್ಯನವರು, ಕೂದಲು ನೆರೆತ ಮನುಷ್ಯ, ಒಳ್ಳೆಯವರು. ಫಿಲ್ಮನ್ನು ಲೈಟಿನ ಮುಂದೆ ಮತ್ತೆ ಹಿಡಿದು ನೋಡಿದರಂತೆ. "ಕೊಂಬೇ ಇರಬಹುದು. ಕೊಂಬಿನ ಹಿಂದೆ ಕಾಯಿಲೆಯೂ ಇರಬಹುದು. ಇನ್ನೊಂದು ತೆಗೆಯೋತನಕ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಕರ್ಕೊಂಡು ಬಾಮ್ಮ," ಅಂದರಂತೆ. ಆಮೇಲೆ ತಪ್ಪಿಗೆ ಕಾರಣ ಕೇಳಿ ಮೆಮೋ ಕೊಟ್ಟರು. ಕೊಡಲೇಬೇಕಂತೆ. ಕೆಲಸ ಇನ್ನೂ ಖಾಯಂ ಆಗಿಲ್ಲದ ಹುಡುಗಿ.

ಉತ್ತರದಲ್ಲಿ ಏನು ಬರೆದೆ ಅಂತ ಕೇಳಿದೆ. "ನನ್ನ ತಪ್ಪು ಅಂತ." ನನ್ನ ಹೆಸರು ಹಾಕಿದೆಯಾ ಅಂದೆ. "ನೀನೇನು ಸರ್ಕಾರಿ ನೌಕರಳಾ?"

೨-೧೦-೮೩, ಭಾನುವಾರ, ರಾತ್ರಿ ಊಟವಾದ ಮೇಲೆ

ಕ್ಯಾತ್ಸಂದ್ರದಲ್ಲಿ ಪ್ಯಾಸೆಂಜರ್ ಹತ್ತಿದೆ. ದಾಕ್ಷಿ ಬರುತ್ತೇನೆ ಅಂದಳು, ಬೇಡ ಅಂದೆ. ಗುಬ್ಬಿ ದಾಟಿದ ಮೇಲೆ ಎದೆ ತಾನಾಗಿ ಹೊಡೆದುಕೊಳ್ಳುತ್ತದೆ, ಈ ವಯಸ್ಸಿನಲ್ಲೂ. ಹೊಸ ಸೊಸೆಯಾಗಿ ಇದೇ ದಾರಿಯಲ್ಲಿ ಬಂದದ್ದು. ಕಿಟಕಿಯಲ್ಲಿ ಕೆಂಡದ ಕಿಡಿ ಬಂದು ಧಾರೆ ಸೀರೆಗೆ ತೂತು ಬಿದ್ದಿತ್ತು. ಯಜಮಾನರು ಆ ತೂತಿನ ಮೇಲೆ ತಮ್ಮ ಅಂಗವಸ್ತ್ರ ಹಾಕಿದ್ದರು, ಅತ್ತೆಗೆ ಕಾಣದ ಹಾಗೆ. ಮೊದಲ ಮಾತು ಆಡುವ ಮೊದಲೇ ಅದು. ಈಗ ಡೀಸೆಲ್ ಎಂಜಿನ್ನು. ಕಿಡಿ ಇಲ್ಲ.

ಮಗನ ಮನೆಗೆ ಹೋಗಲಿಲ್ಲ. ನೇರ ದ್ಯಾವಪ್ಪನ ಮನೆ. ಚಿಕ್ಕಮಾರಮ್ಮ ದನದ ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿದ್ದಳು. ಬೇರೆ ತಟ್ಟೆ, ಬೇರೆ ಲೋಟ. ತೊಳೆದು ಗೋಡೆಗೆ ಒರಗಿಸಿಟ್ಟಿತ್ತು. ಹುಟ್ಟಿದ ಮನೆಯಲ್ಲೂ.

ಕರಿಬೇವಿನ ಗಿಡದ ಹಿಂದಿನಿಂದ ಸೆರಗು ಸರಿಮಾಡಿಕೊಳ್ಳುತ್ತಾ ಬಂದಳು. "ಹಾಲು ಬತ್ಬಾರ್ದು ಅಂತ ದಿನಾ ಹಿಂಡಿ ಗಿಡದ ಬುಡಕ್ಕೆ ಹಾಕ್ತೀನಿ ಅಜ್ಜಿ," ಅಂದಳು. "ಈಚೆಗೆ ಕಮ್ಮಿಯಾಗೈತೆ."

ನಿಂತುಕೊಂಡೇ ಎಲ್ಲ ಹೇಳಿದೆ. ಕೂತರೆ ಹೇಳಲಾಗುವುದಿಲ್ಲ ಅನ್ನಿಸಿತು. ಉಗಿಯಲಿ, ಪೊರಕೆ ತೆಗೆದುಕೊಳ್ಳಲಿ ಅಂತ ಕಾದೆ.

"ಹಂಗಾದ್ರೆ ನಂಗೆ ಕಾಯ್ಲೆ ಇಲ್ವಾ?"

"ಗೊತ್ತಿಲ್ಲ ಕಣೇ. ಇದ್ರೂ ಇರ್ಬೋದು."

"ಇಲ್ದೆಯೂ ಇರ್ಬೋದಲ್ವಾ?"

ಆಗಲೇ ಬಾಚಣಿಗೆ ಹುಡುಕುತ್ತಿದ್ದಳು. ದ್ಯಾವಪ್ಪನ ಹೆಂಡತಿ ಮಾತ್ರ ಬಾಗಿಲಲ್ಲಿ ನಿಂತು ಅಂದಳು: "ನಿಮ್ಮನೇಲಿ ಹುಣಸೆಹಣ್ಣು ಚೀಪಿದ್ದಕ್ಕೆ ಇವತ್ತು ಲೆಕ್ಕ ತೀರಿಸ್ಕಂಡ್ರಾ ಸರ್ವಮಂಗಳವ್ವ?"

ಮಂಗಳವಾರ ಎಕ್ಸ್‌ರೇಗೆ ಬಾ ಅಂತ ಚಿಕ್ಕಮಾರಮ್ಮನಿಗೆ ಹೇಳಿ ಸ್ಟೇಷನ್ನಿನ ಕಡೆ ನಡೆದೆ.

೪-೧೦-೮೩, ಮಂಗಳವಾರ

ನಾನು ಬೆಂಚಿನ ಮೇಲೆ. ಬಾಗಿಲು ಹಾಕಿತ್ತು. ಒಳಗಿನಿಂದ ದಾಕ್ಷಿಯ ದನಿ: "ಜಡೆ ಮೇಲೆ ಕಟ್ಟಮ್ಮ. ಕತ್ತು ತೋರ್ಸು. ಹೆಗಲು ಮುಂದೆ. ಉಸ್ರು ಎಳ್ಕೊ... ಹಿಡ್ಕೊ..." ಟಕ್ ಅಂತ ಸದ್ದು.

ಆಮೇಲೆ ಫಿಲ್ಮು ತೊಳೆಯುವ ಡಾರ್ಕ್ ರೂಮು. ಬಾಗಿಲ ಮೇಲಿನ ಕೆಂಪು ಬಲ್ಬು ಹೊತ್ತಿದ್ದಾಗ ಬಾಗಿಲು ತಟ್ಟಬಾರದು. ಚಿಕ್ಕಮಾರಮ್ಮ ನನ್ನ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡಳು. ನಾನು ಅವಳ ಕೈ ಹಿಡಿಯಬೇಕಿತ್ತು. ಅವಳೇ ಹಿಡಿದಳು. ಸಿದ್ಧಲಿಂಗೇಶ್ವರನಿಗೆ ಹರಕೆ ಹೊರಲು ಹೋದೆ, ಏನು ಹೊರಬೇಕು ಅಂತ ತೋಚಲಿಲ್ಲ.

ದಾಕ್ಷಿ ಒದ್ದೆ ಫಿಲ್ಮನ್ನು ಕ್ಲಿಪ್ಪಿನಲ್ಲಿ ಹಿಡಿದು ಹೊರಗೆ ಬಂದಳು. ನೀರು ತೊಟ್ಟಿಕ್ಕುತ್ತಿತ್ತು. ನಮ್ಮ ಮುಖ ನೋಡದೆ ಡಾಕ್ಟರ ರೂಮಿಗೆ ಹೋದಳು. ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಅದಕ್ಕೇ ನೋಡಲಿಲ್ಲ.

ಡಾಕ್ಟರು ಕರೆದರು. "ಎದೆ ಕ್ಲೀನಾಗಿದೆ. ಹುಲ್ಲಿನ ಧೂಳಿನ ಕೆಮ್ಮು ಇದು. ಆ ಮಾತ್ರೆ ನಿಲ್ಲಿಸು. ಮಗುಗೆ ಹಾಲು ಕೊಡಮ್ಮ." ಮೆಮೋ ಬಗ್ಗೆ ದಾಕ್ಷಿಗೆ ಏನೂ ಹೇಳಲಿಲ್ಲ.

ಚಿಕ್ಕಮಾರಮ್ಮ ಅಳಲಿಲ್ಲ, ನಗಲಿಲ್ಲ. "ಕುಣಿಗಲ್ಗೆ ಬಸ್ಸು ಎಷ್ಟೊತ್ತಿಗೈತೆ?" ಅಂದಳು.

ಕೊನೆ ಬಸ್ಸು ತಪ್ಪಿತು. ಈ ರಾತ್ರಿ ನಮ್ಮಲ್ಲೇ ಮಲಗಿದ್ದಾಳೆ. ನಾಳೆ ನಾನೂ ಹೋಗುತ್ತೇನೆ.

೫-೧೦-೮೩, ಬುಧವಾರ

ಕುಣಿಗಲ್. ಕೆರೆ ಏರಿ ಹತ್ತಿರ ಇಳಿದೆವು. ಅವಳು ನಡೆಯಲಿಲ್ಲ, ಓಡಿದಳು. ಏದುಸಿರು ಬಿಡುತ್ತಾ ಹಿಂದೆ ನಾನು.

ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ದಪ್ಪ ಹೆಂಗಸು, ಎಲೆಯಡಿಕೆ ಬಾಯಿ. ಕೂಸು ಒಳಗೆ ಅಳುತ್ತಿತ್ತು.

"ವಾಸಿಯಾಗ್ದಲೆ ಯಾಕ್ ಬಂದೆ?"

ನಾನು ಫಿಲ್ಮು ಕೊಟ್ಟೆ. ತಲೆಕೆಳಗು ಹಿಡಿದು ನೋಡಿದಳು. "ಈ ಕರಿ ಹಾಳೆ ನಂಗೇನ್ ತಿಳೀತದೆ? ಅವತ್ತೂ ಇಂಥದ್ದೇ ತೋರ್ಸಿದ್ರು. ಅವತ್ತು ಐತೆ ಅಂದ್ರು, ಇವತ್ತು ಇಲ್ಲ ಅಂತೀರಾ. ನಾಳೆ?"

ನ್ಯಾಯವಾದ ಮಾತು. ತಪ್ಪು ಯಾರದು ಅಂತ ಹೇಳಿದೆ. ಅಂಜಿನಪ್ಪನ ಎದುರಿಗೇ, ಅಕ್ಕಪಕ್ಕದವರು ಕೇಳುವ ಹಾಗೇ ಹೇಳಿದೆ. "ಅಜ್ಜಿ ಆಗಿ ನಿಂಗೆ ಬುದ್ಧಿ ಬ್ಯಾಡ್ವಾ?" ಅಂದಳು. ಬೇಕಿತ್ತು ಅಂದೆ. ಆದರೂ ಬಾಗಿಲು ಬಿಡಲಿಲ್ಲ.

ಚಿಕ್ಕಮಾರಮ್ಮನ ಚೀಲದಲ್ಲಿ ಆ ಬೇರೆ ಲೋಟ ಇತ್ತು. ಜಗಲಿಯ ಕೊಡದಿಂದ ನೀರು ಮೊಗೆದು, "ಕುಡಿಯೇ," ಅಂದೆ. ಅವಳು ಲೋಟ ಕಚ್ಚಿ ಅರ್ಧ ಕುಡಿದಳು. ಲೋಟ ಕಿತ್ತುಕೊಂಡು ಅದೇ ಅಂಚಿಗೆ ಬಾಯಿಟ್ಟು ಉಳಿದದ್ದನ್ನು ನಾನು ಕುಡಿದೆ. ಹುಟ್ಟಿದಾಗಿನಿಂದ ಯಾರ ಎಂಜಲನ್ನೂ ಮುಟ್ಟಿದವಳಲ್ಲ ನಾನು. ನಮ್ಮೆಜಮಾನರ ತಟ್ಟೆಯಲ್ಲಿ ಬಿಟ್ಟರೆ.

"ನಾನು ಸತ್ರೆ ಇವಳನ್ನ ಮತ್ತೆ ಕಳಿಸು," ಅಂದೆ.

ಅತ್ತೆ ನನ್ನ ಗಂಟಲನ್ನೇ ನೋಡುತ್ತಿದ್ದಳು. ಅಂಜಿನಪ್ಪ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದ. ಯಾರನ್ನೂ ಕೇಳಲಿಲ್ಲ, ಅವ್ವನನ್ನೂ.

ಕೂಸು ತಾಯಿಯ ಮುಖ ನೋಡಿತು. ಗುರುತು ಹಿಡಿಯಲಿಲ್ಲ. ಚೀರಿ ಅಪ್ಪನ ಹೆಗಲಿಗೆ ಮುಖ ಒತ್ತಿತು. ಚಿಕ್ಕಮಾರಮ್ಮ ಕಿತ್ತುಕೊಳ್ಳಲಿಲ್ಲ. ಜಗಲಿಯ ಮೇಲೆ ಗೋಡೆ ಕಡೆ ತಿರುಗಿ ಕೂತು ಸೆರಗು ಸಡಿಲ ಮಾಡಿಕೊಂಡು, ಹೆಸರು ಹಿಡಿದೂ ಕರೆಯದೆ ಸುಮ್ಮನೆ ಕಾದಳು. ಎದೆಯ ಹತ್ತಿರ ರವಿಕೆ ಒದ್ದೆಯಾಗುತ್ತಾ ಬಂತು. ಅಂಜಿನಪ್ಪ ಕೂಸನ್ನು ಮಡಿಲಿಗೆ ಇಳಿಸಿದ. ಕೂಸು ಅಳು ನಿಲ್ಲಿಸಿ ಮೂಗು ಅರಳಿಸಿತು, ತಲೆಯನ್ನು ಮೆಲ್ಲಗೆ ಈ ಕಡೆ ತಿರುಗಿಸಿ ಮೊಲೆಗೆ ಬಾಯಿ ಹಾಕಿತು.